ಲೆಕ್ಕದ ನಿಯಮ: ತಂತ್ರಾಂಶದ ಒಳಗೋ, ಹೊರಗೋ?

ಕರ್ನಾಟಕದಲ್ಲಿ 2005ರ ಏಪ್ರಿಲ್ 1ರಂದು ಮೌಲ್ಯವರ್ಧಿತ ತೆರಿಗೆಯೂ 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆಯೂ ಜಾರಿಗೆ ಬಂದವು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ವ್ಯಾಪಕವಾಗಿ ಪರಿಷ್ಕೃತಗೊಂಡಿವೆ. ಇಂತಹ ಪ್ರತಿಯೊಂದು ಬದಲಾವಣೆಯೂ ತಮ್ಮ ವ್ಯವಹಾರಕ್ಕೆಂದೇ ತಂತ್ರಾಂಶ ಬರೆಸಿಕೊಂಡ ವರ್ತಕರನ್ನು ಇಕ್ಕಟ್ಟಿಗೆ ಸಿಲುಕಿಸುತ್ತದೆ. ಆಲೂರು, ಸಕಲೇಶಪುರಗಳಂತಹ ಊರುಗಳಲ್ಲಿ ಕಾಫಿ, ಮೆಣಸಿನ ವ್ಯಾಪಾರ ನಡೆಸುವವರಿಗೆ ಕರೆದೊಡನೆ ಬರುವ ತಂತ್ರಜ್ಞರು ಸುಲಭವಾಗಿ ದೊರೆಯುವುದಿಲ್ಲ. ತಿದ್ದುಪಡಿಯಾಗುವವರೆಗೆ ಬಿಲ್ಲು ತಪ್ಪಾಗುತ್ತದೆ, ಇಲ್ಲವೇ ನಿಲ್ಲುತ್ತದೆ.

ಈ ತೊಂದರೆಯ ಮೂಲ ತಂತ್ರಾಂಶದ ರಚನೆಯಲ್ಲಿದೆ. ಜಾವಾ ಭಾಷೆಯಲ್ಲಿ ಬರೆದ ಪ್ರೋಗ್ರಾಮನ್ನು ಗಣಕವು ನಡೆಸಬಲ್ಲ ರೂಪಕ್ಕೆ ಪರಿವರ್ತಿಸಿ, ಆ ರೂಪವನ್ನಷ್ಟೇ ಗ್ರಾಹಕರಿಗೆ ಒಪ್ಪಿಸುವುದು ವಾಡಿಕೆ. ತೆರಿಗೆಯ ದರ, ಕಡಿತದ ಸೂತ್ರ ಮುಂತಾದವು ಅದರೊಳಗೇ ಸೇರಿಹೋಗಿದ್ದರೆ, ಒಂದು ಅಂಕಿಯನ್ನು ಬದಲಿಸಲೂ ಮೂಲಪ್ರತಿ ಬೇಕು, ಅದನ್ನು ಬಲ್ಲವರೂ ಬೇಕು.

ಇದಕ್ಕೆ ಪರಿಹಾರವಿದೆ. ಬದಲಾಗುವ ನಿಯಮಗಳನ್ನು ಸ್ಕ್ರಿಪ್ಟ್ ಎಂಬ ಸರಳ ಪಠ್ಯ ಕಡತದಲ್ಲಿ ಪ್ರತ್ಯೇಕವಾಗಿ ಬರೆದಿಟ್ಟು, ಬಿಲ್ಲು ಮಾಡುವ ವೇಳೆಯಲ್ಲಿ ಜಾವಾ ತಂತ್ರಾಂಶವು ಅದನ್ನು ಓದಿ ನಡೆಸುವಂತೆ ಅಳವಡಿಸಬಹುದು. 2006ರ ಡಿಸೆಂಬರ್‌ನಲ್ಲಿ ಹೊರಬಂದ ಜಾವಾ 6ನೆಯ ಆವೃತ್ತಿಯಲ್ಲಿಯೇ ಇದಕ್ಕೊಂದು ನಿಯತ ಮಾರ್ಗವನ್ನು ಕಲ್ಪಿಸಲಾಯಿತು. ಜಾವಾಸ್ಕ್ರಿಪ್ಟ್, ಗ್ರೂವಿ, ಪೈಥಾನ್ ಮುಂತಾದ ಭಾಷೆಗಳಲ್ಲಿ ಇಂತಹ ನಿಯಮಗಳನ್ನು ಬರೆಯಬಹುದಾಗಿದೆ. ಟ್ಯಾಲಿ ಬಳಸುವವರಿಗೆ ಈ ಕ್ರಮ ಅಪರಿಚಿತವೇನಲ್ಲ. ಬೆಂಗಳೂರಿನ ಸಂಸ್ಥೆಯ ಆ ತಂತ್ರಾಂಶಕ್ಕೆ ಬಿಲ್ಲಿನ ನಮೂನೆ, ವರದಿಗಳನ್ನು ಟಿಡಿಎಲ್ ಎಂಬ ಭಾಷೆಯಲ್ಲಿ ಬರೆದು ಸೇರಿಸುವುದು ಬಹುಕಾಲದ ರೂಢಿ.

ದರಗಳ ಪಟ್ಟಿಯೊಂದಿದ್ದರೆ ಸಾಲದೇ ಎಂಬ ಪ್ರಶ್ನೆ ಸಹಜ. ದರವಷ್ಟೇ ಬದಲಾಗುವಲ್ಲಿ ಪಟ್ಟಿ ಸಾಕು, ಷರತ್ತುಗಳಿರುವಲ್ಲಿ ಸಾಲದು. ಒಣ ಕರಿಮೆಣಸಿಗೆ ಶೇ. 5ರಷ್ಟು ಜಿಎಸ್‌ಟಿ ಇದೆ. ಆದರೆ ತಾನು ಬೆಳೆದ ಮೆಣಸನ್ನು ಮಾರುವ ಕೃಷಿಕ ನೋಂದಣಿ ಪಡೆಯಬೇಕಾಗಿಲ್ಲವೆಂದು 2024ರ ಡಿಸೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಸ್ಪಷ್ಟಪಡಿಸಿತು. ಸರಕು ಒಂದೇ, ಮಾರುವವರು ಯಾರೆಂಬುದರ ಮೇಲೆ ಲೆಕ್ಕ ಬೇರೆಯಾಗುತ್ತದೆ. ಕಾಫಿಯಲ್ಲಿಯೂ 50 ಕೆ.ಜಿ. ಚೀಲದ ದರ ಗೊತ್ತಾದ ಮಾತ್ರಕ್ಕೆ ಲೆಕ್ಕ ಮುಗಿಯದು. ತೇವಾಂಶ, ಔಟ್‌ಟರ್ನ್‌ಗಳನ್ನು ನೋಡಿ ಮೊತ್ತ ನಿರ್ಧರಿಸಬೇಕಾಗುತ್ತದೆ. ‘ಹೀಗಿದ್ದರೆ ಹೀಗೆ’ ಎಂಬ ಇಂತಹ ನಿಯಮಗಳಿಗೆ ಸ್ಕ್ರಿಪ್ಟ್ ತಕ್ಕ ಸಾಧನ.

ಆದರೆ ತಿದ್ದುವುದು ಸುಲಭವಾದಲ್ಲಿ ತಿರುಚುವುದೂ ಸುಲಭ. ಕಡತವನ್ನು ಯಾರು ಬೇಕಾದರೂ ತೆರೆಯುವಂತಿದ್ದರೆ, ತೇವಾಂಶದ ಕಡಿತವನ್ನು ಶೇ. ಅರ್ಧದಷ್ಟು ಹೆಚ್ಚಿಸಿ ಬೆಳೆಗಾರರಿಗೆ ಕಡಿಮೆ ಪಾವತಿಸಿದರೂ ಲೆಡ್ಜರಿನಲ್ಲಿ ಅದರ ಸುಳಿವು ಕಾಣದು. ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯ ಜಾಡನ್ನೂ ದಾಖಲಿಸಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಮೂದುಗಳಿಗೆ ಸಲ್ಲುವ ಈ ಎಚ್ಚರ, ಅವುಗಳ ಮೊತ್ತವನ್ನು ನಿರ್ಧರಿಸುವ ಸ್ಕ್ರಿಪ್ಟಿಗೂ ಸಲ್ಲಬೇಕು. ಪಾಲುದಾರಿಕೆ ಸಂಸ್ಥೆಗಳಿಗೆ, ಒಬ್ಬರೇ ಮಾಲೀಕರಿರುವ ಅಂಗಡಿಗಳಿಗೆ ಈ ನಿಯಮ ಕಡ್ಡಾಯವಲ್ಲದಿದ್ದರೂ ಅದನ್ನು ಪಾಲಿಸುವುದು ಕ್ಷೇಮ.

ತಿದ್ದುವ ಅಧಿಕಾರ ಒಬ್ಬರಿಗೂ ಒಪ್ಪಿಗೆ ನೀಡುವ ಅಧಿಕಾರ ಇನ್ನೊಬ್ಬರಿಗೂ ಇರಬೇಕು. ಹಳೆಯ ಸ್ಕ್ರಿಪ್ಟನ್ನು ಅಳಿಸದೆ, ಯಾವ ದಿನಾಂಕದಿಂದ ಯಾವುದು ಜಾರಿಯಲ್ಲಿತ್ತೆಂದು ನಮೂದಿಸಿ ಕಾಯ್ದಿಡಬೇಕು. ಜಿಎಸ್‌ಟಿ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಉಳಿಸಿಕೊಳ್ಳಬೇಕಾದ್ದರಿಂದ, ಹಳೆಯ ಬಿಲ್ಲನ್ನು ಅಂದಿನ ನಿಯಮದಂತೆಯೇ ಲೆಕ್ಕಹಾಕಿ ತೋರಿಸುವ ಪ್ರಸಂಗ ಬರಬಹುದು. ಲೆಕ್ಕದ ಕೆಲಸದ ಹೊರತು ಗಣಕದ ಇತರ ಕಡತಗಳನ್ನು ಮುಟ್ಟುವ ಅವಕಾಶವನ್ನೂ ಸ್ಕ್ರಿಪ್ಟಿಗೆ ಕೊಡಬಾರದು.

ಇನ್ನೊಂದು ಅಂಶವೂ ಗಮನಾರ್ಹ. 2014ರಲ್ಲಿ ಜಾವಾ 8ರೊಡನೆ ಬಂದ, ಸ್ಕ್ರಿಪ್ಟನ್ನು ಓದಿ ನಡೆಸುವ ನಾಸ್‌ಹಾರ್ನ್ ಎಂಬ ಎಂಜಿನ್ನನ್ನು 2020ರಲ್ಲಿ ಜಾವಾ 15ರಿಂದ ತೆಗೆದುಹಾಕಲಾಯಿತು. ಅದನ್ನೇ ನಂಬಿದ್ದ ತಂತ್ರಾಂಶವನ್ನು ಹೊಸ ಜಾವಾದಲ್ಲಿ ನಡೆಸಲು ಎಂಜಿನ್ನನ್ನು ಪ್ರತ್ಯೇಕವಾಗಿ ಜೋಡಿಸುವುದು ಅನಿವಾರ್ಯವಾಯಿತು. ನಿಯಮಗಳು ವರ್ತಕರ ಬಳಿಯೇ ಇದ್ದರೂ ಅವುಗಳನ್ನು ಓದುವ ಎಂಜಿನ್ ಇಲ್ಲವಾದರೆ ಪ್ರಯೋಜನವಿಲ್ಲ.

ಆದಕಾರಣ ತಂತ್ರಾಂಶ ಬರೆಸುವ ವರ್ತಕರು ಹಾಗೂ ಸಣ್ಣ ಕೈಗಾರಿಕೋದ್ಯಮಿಗಳು ಬೆಲೆಯೊಂದನ್ನೇ ಚರ್ಚಿಸಿ ಸುಮ್ಮನಾಗಬಾರದು. ನಿಯಮಗಳು ಎಲ್ಲಿರುತ್ತವೆ, ಅವುಗಳನ್ನು ಯಾರು ತಿದ್ದಬಹುದು, ತಿದ್ದಿದ ದಾಖಲೆ ಉಳಿಯುತ್ತದೆಯೇ, ಎಂಜಿನ್ ಬದಲಾದರೆ ಹೊಣೆ ಯಾರದು ಎಂಬ ನಾಲ್ಕು ಪ್ರಶ್ನೆಗಳಿಗೆ ಒಪ್ಪಂದದಲ್ಲಿಯೇ ಲಿಖಿತ ಉತ್ತರ ಪಡೆಯಬೇಕು. ಬಿಲ್ಲಿನಲ್ಲಿ ತಪ್ಪಾದರೆ ನೋಟಿಸು ಬರುವುದು ತಂತ್ರಾಂಶ ಬರೆದವರಿಗಲ್ಲ, ವ್ಯಾಪಾರ ಮಾಡಿದವರಿಗೆ.