ಅಗ್ಗದ ಮನೆ ಕೊಳ್ಳುವ ಮುನ್ನ

ಮುಂಬಯಿಯ ಚರ್ಚ್‌ಗೇಟಿನಿಂದ ವಿರಾರಿಗೆ ಸುಮಾರು 60 ಕಿಲೋಮೀಟರು. ಲೋಕಲ್ ರೈಲಿನಲ್ಲಿ ಹೆಚ್ಚುಕಡಿಮೆ ಒಂದೂವರೆ ಗಂಟೆಯ ಹಾದಿ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ. ನಗರದೊಳಗೆ ಮನೆ ಕೊಳ್ಳಲಾಗದ ಸಂಬಳದಾರರು ವಸಾಯಿ, ನಾಲಾಸೋಪಾರ, ವಿರಾರಿನತ್ತ ಮುಖ ಮಾಡಿ ದಶಕಗಳೇ ಕಳೆದಿವೆ. ಅವರಲ್ಲಿ ದಕ್ಷಿಣ ಕನ್ನಡ, ಉಡುಪಿ ಕಡೆಯವರೂ ಇದ್ದಾರೆ.

ಬೆಲೆ ಇಳಿಯಲು ದೂರವೊಂದೇ ಕಾರಣವಾದರೆ ಚಿಂತೆಯಿಲ್ಲ. ಆದರೆ 2025ರ ಆರಂಭದ ವೇಳೆಗೆ ನಾಲಾಸೋಪಾರ ಪೂರ್ವದಲ್ಲಿ 41 ಅನಧಿಕೃತ ಕಟ್ಟಡಗಳನ್ನು ಬಾಂಬೆ ಹೈಕೋರ್ಟಿನ ಆದೇಶದಂತೆ ಕೆಡವಲಾಯಿತು. ಕಸ ವಿಲೇವಾರಿಗೆ, ಕೊಳಚೆ ನೀರಿನ ಶುದ್ಧೀಕರಣಕ್ಕೆ ಮೀಸಲಿಟ್ಟ ಜಾಗವೂ ಅದರಲ್ಲಿತ್ತು. ಕೂಡಿಟ್ಟ ಹಣ ತೆತ್ತವರು ಮಕ್ಕಳೊಡನೆ ಬೀದಿಗೆ ಬಂದರು. ವಾರ್ಷಿಕ ಪರೀಕ್ಷೆಗಳು ಹತ್ತಿರವಾಗುತ್ತಿದ್ದ ಹೊತ್ತು ಅದು.

ಮುಂಗಡ ಕೊಡುವ ಮೊದಲೇ ಕೇಳಬೇಕಾದ ಪ್ರಶ್ನೆಗಳಿವೆ. ಜಮೀನು ಯಾರದು? ‘ಸಾತ್ ಬಾರಾ’ ಉತಾರೆಯಲ್ಲಿ ಯಾರ ಹೆಸರಿದೆ? ನಗರ ಯೋಜನೆಯಲ್ಲಿ ಆ ಜಾಗ ಯಾತಕ್ಕಾದರೂ ಮೀಸಲಾಗಿದೆಯೇ? ಕಟ್ಟಲು ಮಹಾನಗರಪಾಲಿಕೆಯ ಅನುಮತಿ ಉಂಟೆ? ಕಟ್ಟಿ ಮುಗಿದಿದ್ದರೆ ವಾಸಯೋಗ್ಯ ಪ್ರಮಾಣಪತ್ರ ಎಲ್ಲಿ? 2017ರ ನಂತರದ ಯೋಜನೆಯಾದರೆ ಮಹಾರೇರಾ ನೋಂದಣಿ ಸಂಖ್ಯೆ ಯಾವುದು? ಕ್ರಯಪತ್ರ ನೋಂದಣಿಯಾದ ಮಾತ್ರಕ್ಕೆ ಕಟ್ಟಡ ಸಕ್ರಮವಾಗದು. ಬಿಲ್ಡರ್ ತೋರಿಸಿದ ನಕಲನ್ನೇ ನಂಬದೆ, ಪಾಲಿಕೆಯ ಕಚೇರಿಯಲ್ಲಿ ವಿಚಾರಿಸಬೇಕು.

ಇಲ್ಲಿ ಮಕ್ಕಳ ಪಾತ್ರವೂ ಇದೆ. ಮುಂಬಯಿಯಲ್ಲೇ ಓದಿದ ಹುಡುಗ ಹುಡುಗಿಯರಿಗೆ ಮರಾಠಿ, ಇಂಗ್ಲಿಷು ಎರಡೂ ಗೊತ್ತು. ಅಪ್ಪನಿಗೆ ತೊಡಕೆನಿಸುವ ಕಾಗದವನ್ನು ಸಾಲು ಬಿಡದೆ ಓದಿ ಹೇಳಬಲ್ಲರು. ಮನೆ ನೋಡಲು ಹೊರಟಾಗ ಅವರನ್ನೂ ಕರೆದೊಯ್ಯುವುದು ಒಳ್ಳೆಯದು. ಕಿಟಕಿಯಿಂದ ಕಡಲು ಕಾಣುತ್ತದೆಯೇ ಎಂಬುದನ್ನು ಆಮೇಲೆ ನೋಡಿದರಾಯಿತು.