ಅಳಿಸುವ ಮುನ್ನ ಅರ್ಥವಾಗುವಂತೆ ಕೇಳಿ

ಬ್ರೌಸರಿನೊಳಗೆ ನಡೆಯುವ ಇನ್‌ಸ್ಟಾಲರ್ ಎಂದೊಡನೆ ಮೂಗು ಮುರಿಯುವವರು ನಮ್ಮ ಸಂಘದಲ್ಲೇ ನಾಲ್ಕಾರು ಮಂದಿ ಇದ್ದಾರೆ. ಎಲ್ಲರೂ ಕಂಪ್ಯೂಟರ್ ಬಲ್ಲವರು. ಬಿ.ಎಸ್‌ಸಿ. ಓದಿ ಕೇಂದ್ರ ಸರಕಾರದ ಕಚೇರಿಯಲ್ಲಿ ಕಡತ ತಿರುವುವ ಗುಮಾಸ್ತನಿಗೆ ಈ ಉಸಾಬರಿ ಏಕೆಂದು ಅವರು ಕೇಳಬಹುದು. ಕೇಳಲಿ. ಅರ್ಜಿ ನಮೂನೆ ಹಿಡಿದು ತಡವರಿಸುವ ಜನರನ್ನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಇನ್‌ಸ್ಟಾಲರ್ ಕೂಡ ಒಂದು ನಮೂನೆಯೇ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಇದ್ದ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಇಲ್ಲದ ಯಂತ್ರಗಳು ನಮ್ಮ ಮನೆಗಳಲ್ಲಿ ಕಡಿಮೆಯೇನಿಲ್ಲ. ಗುಜರಿಗೆ ಹಾಕಬೇಡಿ, ಲಿನಕ್ಸ್ ಹಾಕಿಕೊಳ್ಳಿ ಎಂದು ಬುದ್ಧಿ ಹೇಳುವುದು ಸುಲಭ. ಊರಿನ ಮನೆಯ, ತೀರಿಹೋದ ಹಿರಿಯರ ಫೋಟೋಗಳೆಲ್ಲ ಅದೇ ಡಿಸ್ಕಿನಲ್ಲಿರುವಾಗ ಗುಂಡಿ ಒತ್ತಲು ಕೈ ಬರುವುದು ಹೇಗೆ?

ಫೆಡೋರಾದ ಅನಕೊಂಡ ಎಂಬ ಇನ್‌ಸ್ಟಾಲರನ್ನೇ ನೋಡಿ. 2013ರ ಜನವರಿಯಲ್ಲಿ ಬಂದ ಫೆಡೋರಾ 18ರಲ್ಲಿ ಅದಕ್ಕೆ ತೊಟ್ಟಿಮನೆಯಂಥ ರೂಪ ಕೊಟ್ಟರು: ನಡುವೆ ಒಂದು ಅಂಗಳ, ಸುತ್ತ ಕೋಣೆಗಳು, ಯಾವುದಕ್ಕೆ ಬೇಕಾದರೂ ಮೊದಲು ಹೋಗಬಹುದು. ‘ಆಯಿತು’ ಎನ್ನುವ ಗುಂಡಿ ಮಾತ್ರ ಎಡಗಡೆ ಮೇಲ್ಮೂಲೆಯಲ್ಲಿ! 2025ರ ಏಪ್ರಿಲಿನಲ್ಲಿ ಬಂದ ಫೆಡೋರಾ 42ರ ವರ್ಕ್‌ಸ್ಟೇಷನ್ ಆವೃತ್ತಿಯಲ್ಲಿ ಅದೇ ಅನಕೊಂಡ ಫೈರ್‌ಫಾಕ್ಸಿನೊಳಗೆ ಒಂದರ ನಂತರ ಒಂದು ಹಾಳೆಯಾಗಿ ಬರುತ್ತದೆ. ಡಿಸ್ಕನ್ನು ಪೂರ್ತಿ ಬಳಸಬೇಕೆ, ಈಗಿರುವ ವ್ಯವಸ್ಥೆಯ ಪಕ್ಕದಲ್ಲಿ ಜಾಗ ಮಾಡಿಕೊಳ್ಳಬೇಕೆ ಎಂದು ನೇರವಾಗಿ ಕೇಳುತ್ತದೆ. ಬಳಕೆದಾರರ ಹೆಸರು, ಗುಪ್ತಪದ ಮುಂತಾದುವನ್ನು ಮೊದಲ ಸಲ ಯಂತ್ರ ತೆರೆದಾಗ ಕೇಳಿದರಾಯಿತೆಂದು ಬಿಟ್ಟಿದೆ. ನಮ್ಮ ಕಚೇರಿಯ ನಮೂನೆಗಳಿಗೆ ಈ ಬುದ್ಧಿ ಎಂದು ಬರುವುದೋ!

ಬ್ರೌಸರ್ ಎಂದರೆ ಅಂತರಜಾಲ ಎಂದು ಹೆದರುವುದು ಬೇಡ. ಆ ಪುಟ ಬರುವುದು ನಿಮ್ಮ ಯಂತ್ರದಿಂದಲೇ. ಡಿಸ್ಕ್ ಮುಟ್ಟುವ ಕೆಲಸವನ್ನು ಹಿಂದಿನಂತೆ ಅನಕೊಂಡದ ಒಳಭಾಗ ಮಾಡುತ್ತದೆ. ಕಾಕ್‌ಪಿಟ್ ಎಂಬ ತಂತ್ರಾಂಶ ನಡುವಿನ ಸೇತುವೆ. ಬ್ರೌಸರ್ ಮೆಮೊರಿ ನುಂಗುತ್ತದೆ ಎಂಬ ದೂರು ಸುಳ್ಳಲ್ಲ, ಎರಡು ಜಿಬಿಯ ಯಂತ್ರಕ್ಕೆ ಅದು ಭಾರವೇ. ಆದರೆ ಪೆನ್ ಡ್ರೈವಿನಿಂದ ಇಡೀ ಡೆಸ್ಕ್‌ಟಾಪನ್ನೇ ಎಬ್ಬಿಸಿ ಕೂರಿಸಿದ ಮೇಲೆ, ಅದರಲ್ಲಿ ಮೊದಲೇ ಇರುವ ಫೈರ್‌ಫಾಕ್ಸನ್ನು ಮಾತ್ರ ದೂರುವುದು ಯಾವ ನ್ಯಾಯ?

ನನ್ನ ಜಗಳ ನಮ್ಮವರೊಡನೆ. ಫೆಡೋರಾದ ಅನುವಾದ ನಡೆಯುವುದು ವೆಬ್‌ಲೇಟ್‌ನಲ್ಲಿ, ಸ್ವಯಂಸೇವಕರ ಕೈಯಲ್ಲಿ. ರಾಜ್ಯೋತ್ಸವದ ಪೆಂಡಾಲಿಗೆ ಓಡಾಡುವ ನಮ್ಮ ತಂತ್ರಜ್ಞ ತರುಣರಲ್ಲಿ ಎಷ್ಟು ಮಂದಿ ಅಲ್ಲಿ ಒಂದು ಸಾಲು ಬರೆದಿದ್ದಾರೆ? ಪಾರ್ಟಿಷನ್, ಬೂಟ್ ಇತ್ಯಾದಿಗೆ ಸಂಸ್ಕೃತದ ಕಗ್ಗ ಹೊಸೆಯುವುದು ಬೇಡ, ಅವು ಹಾಗೆಯೇ ಇರಲಿ. ‘ಈ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮತ್ತೆ ಸಿಗುವುದಿಲ್ಲ’ ಎಂಬಂಥ ಎಚ್ಚರಿಕೆಯ ಮಾತುಗಳು, ಇಂಗ್ಲಿಷ್ ಬಾರದ ನಮ್ಮ ಅತ್ತೆಯವರಿಗೂ ತಿಳಿಯುವ ಕನ್ನಡದಲ್ಲಿ ಬರಲಿ. ಮುಂದಿನ ಕಾರ್ಯಕಾರಿ ಸಭೆಯಲ್ಲಿ ಪೆಂಡಾಲಿನ ಲೆಕ್ಕ ಓದುವ ಮೊದಲು ಈ ಕೆಲಸಕ್ಕೆ ಇಬ್ಬರ ಹೆಸರು ಬರೆದುಕೊಳ್ಳಬೇಕೆಂದು ಕಾರ್ಯದರ್ಶಿಗಳನ್ನು ಕೋರುತ್ತೇನೆ.