ಕೆಂಪು ಧೂಳಿನ ಪ್ರಶ್ನೆ ಕಾಮರ್ಸ್‌ನವರದ್ದೂ ಹೌದು

ಕಳೆದ ತಿಂಗಳು ನಮ್ಮ ನೋಟಿಸ್ ಬೋರ್ಡಿನಲ್ಲಿ ಒಂದು ಸೂಚನೆ ಅಂಟಿಸಿದ್ದರು. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಗೆ ಶೈಕ್ಷಣಿಕ ಭೇಟಿ, ಅಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ನೋಡುವ ಅವಕಾಶ, ಹೆಸರು ಕೊಡಲು ಶನಿವಾರ ಕೊನೆಯ ದಿನ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ "ವಿಜ್ಞಾನ ವಿಭಾಗಕ್ಕೆ ಮಾತ್ರ" ಎಂದಿತ್ತು. ನಾನು ಧೈರ್ಯ ಮಾಡಿ ಸ್ಟಾಫ್ ರೂಮಿಗೆ ಹೋಗಿ ಕೇಳಿದೆ. "ಅದರಿಂದ ನಿನಗೇನಮ್ಮ ಉಪಯೋಗ? ಅಕೌಂಟೆನ್ಸಿ ಚೆನ್ನಾಗಿ ಓದು" ಎಂಬ ಉತ್ತರ ಬಂತು. ಅದರಲ್ಲಿ ಕೋಪ ಇರಲಿಲ್ಲ, ಪ್ರೀತಿಯಿಂದಲೇ ಹೇಳಿದ್ದರು. ಹಾಗಾಗಿ ನನಗೂ ಕೋಪ ಬರಲಿಲ್ಲ. ಆದರೆ "ನಿನಗೇನು ಉಪಯೋಗ" ಎಂಬ ಮಾತು ಮಾತ್ರ ತಲೆಯಲ್ಲಿ ಉಳಿದುಬಿಟ್ಟಿತು. ಅದಕ್ಕೆ ಉತ್ತರವಾಗಿ ಈ ಲೇಖನ.

ನಮ್ಮ ಅಬ್ಬಾ ಸಂಡೂರು ರಸ್ತೆಯ ಒಂದು ವೇಬ್ರಿಜ್‌ನಲ್ಲಿ ಕೆಲಸ ಮಾಡುತ್ತಾರೆ. ಅದಿರು ತುಂಬಿದ ಲಾರಿ ಬಂದರೆ ತೂಕ ಮಾಡಿ ಚೀಟಿ ಕೊಡುವ ಕೆಲಸ. ಸಂಜೆ ಅವರು ಮನೆಗೆ ಬಂದಾಗ ಅಂಗಿ, ಕೂದಲು, ಚಪ್ಪಲಿ ಎಲ್ಲಾ ಕೆಂಪು. ಅಮ್ಮಿ ಆ ಬಟ್ಟೆಗಳನ್ನು ನಮ್ಮ ಬಟ್ಟೆಯ ಜೊತೆ ನೆನೆಸುವುದೇ ಇಲ್ಲ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಕೆಟ್ಟುಹೋದ ಸ್ಪೀಕರಿನಿಂದ ತೆಗೆದ ಒಂದು ಅಯಸ್ಕಾಂತ ನನ್ನ ಬಳಿ ಇತ್ತು. ದಾದಾ ಅದನ್ನು ಮಿಕ್ನಾತೀಸ್ ಎನ್ನುತ್ತಿದ್ದರು. ಅಬ್ಬಾ ತಂದಿದ್ದ ಅದಿರಿನ ಕಲ್ಲಿಗೆ ಅದನ್ನು ಹಿಡಿದೆ. ಅಂಟಲಿಲ್ಲ. ರಸ್ತೆ ಬದಿಯ ಮಣ್ಣಿನಲ್ಲಿ ಎಳೆದಾಡಿದರೆ ಕರಿ ಕಣಗಳು ಮುಳ್ಳಿನ ಹಾಗೆ ಅಂಟುತ್ತಿದ್ದವು. ಈ ಭಾರದ ಕೆಂಪು ಕಲ್ಲು ಮಾತ್ರ ಅಲುಗಲಿಲ್ಲ.

"ಅಬ್ಬಾ, ಇದರಲ್ಲಿ ಕಬ್ಬಿಣ ಇಲ್ವಾ?" ಎಂದು ಕೇಳಿದೆ.

"ಇದೆ ಬೇಟಾ. ಕಬ್ಬಿಣ ಎಷ್ಟು ಪರ್ಸೆಂಟ್ ಅಂತ ನೋಡಿಯೇ ರೇಟ್ ಕಟ್ಟೋದು."

"ಮತ್ತೆ ಯಾಕೆ ಅಂಟಲ್ಲ?"

ಅಬ್ಬಾ ನಕ್ಕು, "ನಿಮ್ಮ ಟೀಚರ್‌ನ ಕೇಳು" ಎಂದರು. ಟೀಚರ್ ಮುಂದಿನ ತರಗತಿಯಲ್ಲಿ ಗೊತ್ತಾಗುತ್ತದೆ ಎಂದರು. ಮುಂದಿನ ತರಗತಿಗಳು ಬಂದವು, ಹೋದವು, ಎಸ್ಸೆಸ್ಸೆಲ್ಸಿಯೂ ಮುಗಿಯಿತು. ನಾನು ಕಾಮರ್ಸ್ ಸೇರಿದೆ.

ಆ ಉತ್ತರ ಸಿಕ್ಕಿದ್ದು ಈ ವರ್ಷ, ಅದೂ ಊಟದ ಬಿಡುವಿನಲ್ಲಿ. ಬೆಂಗಳೂರಿಗೆ ಹೋಗಿ ಬಂದ ನನ್ನ ಗೆಳತಿ ಅಲ್ಲಿ ಕಂಡದ್ದನ್ನೆಲ್ಲಾ ಹೇಳಿದಳು. ನಮ್ಮ ಭೌತಶಾಸ್ತ್ರದ ಉಪನ್ಯಾಸಕರು ಮೂರು ದಿನ ತಮ್ಮ ಬಿಡುವಿನ ಸಮಯ ಕೊಟ್ಟು ನನಗೆ ತಿಳಿಸಿ ಹೇಳಿದರು. ಅವರಿಗೆ ನನ್ನ ಕೃತಜ್ಞತೆಗಳು. ನನಗೆ ಅರ್ಥವಾದಷ್ಟನ್ನು ಇಲ್ಲಿ ಬರೆಯುತ್ತೇನೆ.

ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದ ಸುಮಾರು 400ರಿಂದ 700 ನ್ಯಾನೋಮೀಟರ್. ಒಂದು ಪರಮಾಣುವಿನ ಅಗಲ ಒಂದು ನ್ಯಾನೋಮೀಟರಿನ ಕಾಲು ಭಾಗದ ಆಸುಪಾಸು. ಅಂಥ ಬೆಳಕಿನಿಂದ ಪರಮಾಣುವನ್ನು ನೋಡಲು ಹೊರಡುವುದು ಅಬ್ಬಾನ ವೇಬ್ರಿಜ್ ಮೇಲೆ ಅಮ್ಮಿಯ ಮೂಗುತಿ ತೂಗಿದಂತೆ. ಮೂಗುತಿಗೆ ತೂಕವಿಲ್ಲ ಎಂದಲ್ಲ, ತಕ್ಕಡಿಯೇ ಅದಕ್ಕಲ್ಲ. ಎಲೆಕ್ಟ್ರಾನ್‌ಗೂ ಅಲೆಯ ಗುಣ ಇದೆ, ಮತ್ತು ವೇಗ ಹೆಚ್ಚಿಸಿದಷ್ಟೂ ಅದರ ಅಲೆ ಚಿಕ್ಕದಾಗುತ್ತದೆ. ಎರಡು ಲಕ್ಷ ವೋಲ್ಟ್ ಒತ್ತಡದಲ್ಲಿ ಓಡಿಸಿದ ಎಲೆಕ್ಟ್ರಾನಿನ ಅಲೆ ಪರಮಾಣುವಿಗಿಂತಲೂ ಎಷ್ಟೋ ಪಟ್ಟು ಸಣ್ಣದು. 1931ರಲ್ಲಿ ಬರ್ಲಿನ್‌ನಲ್ಲಿ ಮ್ಯಾಕ್ಸ್ ನೋಲ್ ಮತ್ತು ಅರ್ನ್ಸ್ಟ್ ರುಸ್ಕಾ ಮೊದಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಮಾಡಿದರು. ರುಸ್ಕಾ ಅವರಿಗೆ ನೊಬೆಲ್ ಬಂದದ್ದು 1986ರಲ್ಲಿ, ಅಂದರೆ 55 ವರ್ಷದ ನಂತರ. ಹಾಕಿದ ಬಂಡವಾಳ ಮುಂದಿನ ವರ್ಷವೇ ಲಾಭ ತರಬೇಕು ಎನ್ನುವ ನಮ್ಮ ವಿಭಾಗದವರು ಈ ಲೆಕ್ಕವನ್ನು ಗಮನಿಸಬೇಕು.

ಈಗ ತೊಡಕಿನ ವಿಷಯಕ್ಕೆ ಬರುತ್ತೇನೆ. ಎಲೆಕ್ಟ್ರಾನನ್ನು ಗಾಜಿನ ಮಸೂರ ಬಾಗಿಸಲಾರದು. ಅದಕ್ಕೆ ತಾಮ್ರದ ತಂತಿ ಸುತ್ತಿದ, ವಿದ್ಯುತ್ತಿನಿಂದ ನಡೆಯುವ ಕಾಂತವೇ ಮಸೂರ. ಮಾದರಿಯನ್ನು ಇಡುವ ಜಾಗದಲ್ಲಿ ಈ ಕಾಂತದ ಬಲ ಸಾಮಾನ್ಯವಾಗಿ ಎರಡು ಟೆಸ್ಲಾದಷ್ಟಿರುತ್ತದೆ. ಅದು ಭೂಮಿಯ ಕಾಂತಕ್ಷೇತ್ರಕ್ಕಿಂತ ಹತ್ತಾರು ಸಾವಿರ ಪಟ್ಟು ಹೆಚ್ಚು. ಬೇರೆ ವಸ್ತು ನೋಡುವಾಗ ಇದರಿಂದ ತೊಂದರೆ ಇಲ್ಲ. ಆದರೆ ಕಾಂತೀಯ ವಸ್ತುವಿನ ಒಳಗಿನ ವಿನ್ಯಾಸ ನೋಡಬೇಕು ಎಂದು ಅದನ್ನು ಅಲ್ಲಿಟ್ಟರೆ, ಮಸೂರದ ಕಾಂತವೇ ಆ ವಿನ್ಯಾಸವನ್ನು ಅಳಿಸಿಹಾಕುತ್ತದೆ. ಪುಡಿಯಾದರೆ ಇನ್ನೊಂದು ಅಪಾಯ. ಕಣಗಳು ಹಾರಿ ಹೋಗಿ ಮಸೂರಕ್ಕೇ ಅಂಟಿಕೊಂಡರೆ ಕೋಟಿ ಬೆಲೆಯ ಯಂತ್ರ ಕೆಡುತ್ತದೆ. ಹಾಗಾಗಿ ಅನೇಕ ಪ್ರಯೋಗಾಲಯಗಳಲ್ಲಿ ಮಾದರಿ ಕೊಡುವವರು ತುಂಬುವ ಅರ್ಜಿಯಲ್ಲೇ "ನಿಮ್ಮ ಮಾದರಿ ಕಾಂತೀಯವೇ?" ಎಂಬ ಪ್ರಶ್ನೆ ಇರುತ್ತದಂತೆ.

ವಿಜ್ಞಾನಿಗಳು ಇದಕ್ಕೆ ದಾರಿ ಹುಡುಕಿದರು. ಒಂದು ದಾರಿ, ಆ ಮುಖ್ಯ ಮಸೂರವನ್ನೇ ಆರಿಸಿ, ಮಾದರಿಯಿಂದ ದೂರವಿರುವ ಇನ್ನೊಂದು ಮಸೂರದಿಂದ ನೋಡುವುದು. ಇದನ್ನು ಲೊರೆಂಟ್ಜ್ ಸೂಕ್ಷ್ಮದರ್ಶನ ಎನ್ನುತ್ತಾರೆ. ಕಬ್ಬಿಣದಂಥ ಕಾಂತೀಯ ವಸ್ತುವಿನ ಒಳಗೆ ಚಿಕ್ಕ ಚಿಕ್ಕ ವಲಯಗಳಿವೆ. ಪ್ರತಿ ವಲಯದ ಕಾಂತತ್ವಕ್ಕೆ ಒಂದೊಂದು ದಿಕ್ಕು. ಹಾದುಹೋಗುವ ಎಲೆಕ್ಟ್ರಾನ್‌ಗಳು ಆ ದಿಕ್ಕಿಗೆ ತಕ್ಕಂತೆ ಸ್ವಲ್ಪ ಸರಿಯುತ್ತವೆ. ಬೇಕೆಂದೇ ಫೋಕಸ್ ತಪ್ಪಿಸಿದರೆ ವಲಯಗಳ ಗಡಿಗಳು ಕಪ್ಪು ಬಿಳಿ ಗೆರೆಗಳಾಗಿ ಕಾಣುತ್ತವೆ. ಫೋಕಸ್ ಸರಿಯಾಗಿ ಕೂರಿಸಿದರೆ ಗೆರೆಗಳು ಮಾಯ! ಆದರೆ ಮುಖ್ಯ ಮಸೂರ ಆರಿಸಿದ್ದರಿಂದ ಈ ವಿಧಾನದಲ್ಲಿ ಒಂದೊಂದು ಪರಮಾಣು ಕಾಣುವಷ್ಟು ಸ್ಪಷ್ಟತೆ ಸಿಗುತ್ತಿರಲಿಲ್ಲ.

2019ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ನಾವೊಯಾ ಶಿಬಾತಾ ಅವರ ತಂಡ ಹೊಸ ಸೂಕ್ಷ್ಮದರ್ಶಕದ ವಿವರ ಪ್ರಕಟಿಸಿತು. ಮಾದರಿಯ ಮೇಲೊಂದು, ಕೆಳಗೊಂದು ಮಸೂರ. ಎರಡರ ಕಾಂತಕ್ಷೇತ್ರವೂ ಒಂದಕ್ಕೊಂದು ವಿರುದ್ಧ. ಹಾಗಾಗಿ ಮಾದರಿ ಇರುವ ಜಾಗದಲ್ಲಿ ಎರಡೂ ರದ್ದಾಗಿ ಕಾಂತಕ್ಷೇತ್ರ ಇಲ್ಲದಂತಾಗುತ್ತದೆ, ಮಸೂರಗಳು ಮಾತ್ರ ಪೂರ್ತಿ ಬಲದಲ್ಲೇ ಕೆಲಸ ಮಾಡುತ್ತವೆ. 2022ರಲ್ಲಿ ಅದೇ ತಂಡ ಈ ಯಂತ್ರದಿಂದ ಪರಮಾಣು ಮಟ್ಟದಲ್ಲಿ ಕಾಂತಕ್ಷೇತ್ರವನ್ನು ಚಿತ್ರವಾಗಿ ತೋರಿಸಿತು.

ಅವರು ಆರಿಸಿಕೊಂಡ ವಸ್ತು ಯಾವುದು ಗೊತ್ತೇ? ಹೆಮಟೈಟ್. ನಮ್ಮ ಸಂಡೂರು, ದೋಣಿಮಲೈ ಗುಡ್ಡಗಳಿಂದ ಬರುವ ಅದಿರಿನ ಮುಖ್ಯ ಖನಿಜ ಅದೇ. ಅಬ್ಬಾನ ಅಂಗಿಯ ಕೆಂಪಿಗೆ ಕಾರಣವೂ ಅದೇ.

ನನ್ನ ಐದನೇ ಕ್ಲಾಸಿನ ಪ್ರಶ್ನೆಗೆ ಉತ್ತರ ಅಲ್ಲಿದೆ. ಶುದ್ಧ ಹೆಮಟೈಟ್‌ನ ತೂಕದಲ್ಲಿ ಸುಮಾರು 70 ಭಾಗ ಕಬ್ಬಿಣ, ಉಳಿದದ್ದು ಆಮ್ಲಜನಕ. ಅದರ ಒಂದು ಪದರದ ಕಬ್ಬಿಣದ ಪರಮಾಣುಗಳೆಲ್ಲ ಒಂದು ದಿಕ್ಕಿಗೆ ಎಳೆದರೆ, ಮುಂದಿನ ಪದರದವು ವಿರುದ್ಧ ದಿಕ್ಕಿಗೆ ಎಳೆಯುತ್ತವೆ. ಪ್ರತಿ ಪರಮಾಣುವೂ ಪುಟ್ಟ ಕಾಂತವೇ, ಆದರೆ ಹೊರಗೆ ಸಿಗುವ ಮೊತ್ತ ಹೆಚ್ಚುಕಡಿಮೆ ಸೊನ್ನೆ. ಕಾಮರ್ಸ್ ಗೆಳೆಯರೇ, ಇದು ನಮಗೆ ಹೊಸದಲ್ಲ. ಡೆಬಿಟ್ ಮತ್ತು ಕ್ರೆಡಿಟ್ ಸಮವಾದ ಖಾತೆಯ ಶಿಲ್ಕು ಸೊನ್ನೆ ಇರುತ್ತದೆ. ಹಾಗೆಂದು ಆ ಖಾತೆಯಲ್ಲಿ ವ್ಯವಹಾರವೇ ನಡೆದಿಲ್ಲ ಎಂದು ಯಾರಾದರೂ ಹೇಳುತ್ತಾರೆಯೇ? ಹೆಮಟೈಟ್‌ನ ಈ ಗುಣ ಬೇರೆ ವಿಧಾನಗಳಿಂದ ಮೊದಲೇ ಗೊತ್ತಿತ್ತು. ಟೋಕಿಯೊದವರು ಅದನ್ನು ಸಾಲು ಸಾಲಾಗಿ, ಬರೆದಿಟ್ಟ ಖಾತೆಯ ಪುಟದಂತೆ ಕಣ್ಣಿಗೆ ತೋರಿಸಿದರು. ಕುದುರೆಮುಖದಲ್ಲಿ 2005ರವರೆಗೆ ತೆಗೆಯುತ್ತಿದ್ದ ಅದಿರು ಮ್ಯಾಗ್ನಟೈಟ್. ಅದರಲ್ಲಿ ಎರಡು ಕಡೆಯ ಎಳೆತ ಸಮವಾಗುವುದಿಲ್ಲ, ಅದಕ್ಕೇ ಅದು ಅಯಸ್ಕಾಂತಕ್ಕೆ ಅಂಟುತ್ತದೆ.

ನಮ್ಮ ಊರಿನ ಕಲ್ಲನ್ನು ನಾವು ಟನ್ ಲೆಕ್ಕದಲ್ಲಿ ತೂಗುತ್ತೇವೆ. ಜಪಾನಿನವರು ಅಂಥದೇ ಖನಿಜದ ತಲೆಕೂದಲಿಗಿಂತ ಎಷ್ಟೋ ತೆಳುವಾದ ಒಂದು ಚೂರಿನಿಂದ ಜಗತ್ತಿಗೆ ಹೊಸ ವಿಷಯ ಹೇಳಿದರು. ಇದು ವಿಜ್ಞಾನದವರು ಮಾತ್ರ ಯೋಚಿಸುವ ಸಂಗತಿಯೇ? ಬೆಲೆ ಎಲ್ಲಿ ಹುಟ್ಟುತ್ತದೆ ಎಂಬ ಪ್ರಶ್ನೆ ನಮ್ಮ ವಿಭಾಗದ್ದಲ್ಲವೇ?

ಇತ್ತೀಚಿನ ಸುದ್ದಿಯನ್ನೇ ನೋಡಿ. ವಿದ್ಯುತ್ ಸ್ಕೂಟರ್ ಮತ್ತು ಕಾರುಗಳ ಮೋಟಾರಿನಲ್ಲಿ ಹೆಚ್ಚಾಗಿ ಬಳಸುವುದು ನಿಯೋಡೈಮಿಯಂ, ಕಬ್ಬಿಣ, ಬೋರಾನ್ ಸೇರಿಸಿ ಮಾಡಿದ ಬಲವಾದ ಅಯಸ್ಕಾಂತ. 2025ರ ಏಪ್ರಿಲ್‌ನಲ್ಲಿ ಚೀನಾ ಕೆಲವು ವಿರಳ ಭೂಲೋಹಗಳ ಮತ್ತು ಅವುಗಳಿಂದಾದ ಅಯಸ್ಕಾಂತಗಳ ರಫ್ತಿಗೆ ಕಡಿವಾಣ ಹಾಕಿದಾಗ ನಮ್ಮ ದೇಶದ ವಾಹನ ಕಂಪನಿಗಳೂ ಚಿಂತೆಗೆ ಬಿದ್ದವು. ಅದೇ ವರ್ಷ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇಂಥ ಅಯಸ್ಕಾಂತಗಳನ್ನು ಇಲ್ಲೇ ತಯಾರಿಸಲು 7,280 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಈ ಅಯಸ್ಕಾಂತದ ತಾಳಿಕೆ ಅದರ ಕಣಗಳ ನಡುವಿನ ಕೆಲವೇ ನ್ಯಾನೋಮೀಟರ್ ದಪ್ಪದ ಪದರ ಹೇಗಿದೆ ಎಂಬುದನ್ನು ಬಹಳ ಮಟ್ಟಿಗೆ ಅವಲಂಬಿಸಿದೆ. ಆ ಪದರವನ್ನು ಪರೀಕ್ಷಿಸಲು ಬೇಕಾಗಿರುವುದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ. ನಾಳೆ ಅಂಥ ಕಾರ್ಖಾನೆಗೆ ಸಾಲ ಕೊಡುವ ಬ್ಯಾಂಕಿನವರು, ಲೆಕ್ಕ ತಪಾಸಣೆ ಮಾಡುವವರು, ಮಾಲು ಖರೀದಿಸುವವರು ಯಾರು? ಕಾಮರ್ಸ್ ಓದಿದವರೇ.

ಇನ್ನು ಯಂತ್ರದ ಲೆಕ್ಕ. ಇಂಥ ಸೂಕ್ಷ್ಮದರ್ಶಕಗಳಿಗೆ ಕೋಟಿಗಟ್ಟಲೆ ಬೆಲೆ. ಉದಾಹರಣೆಗೆ ಹತ್ತು ಕೋಟಿ ಎಂದುಕೊಳ್ಳೋಣ, ಬಾಳಿಕೆ ಹತ್ತು ವರ್ಷ. ನಾವು ಕಲಿತ ಸರಳ ರೇಖಾ ವಿಧಾನದಲ್ಲಿ ವರ್ಷಕ್ಕೆ ಒಂದು ಕೋಟಿ ಸವಕಳಿ. ವರ್ಷಕ್ಕೆ 500 ಗಂಟೆ ಬಳಸಿದರೆ ಸವಕಳಿ ಒಂದೇ ಗಂಟೆಗೆ 20,000 ರೂಪಾಯಿ ಬೀಳುತ್ತದೆ. 2,000 ಗಂಟೆ ಬಳಸಿದರೆ 5,000 ರೂಪಾಯಿ. ಯಂತ್ರ ಸುಮ್ಮನೆ ನಿಂತಷ್ಟೂ ಜನರ ತೆರಿಗೆ ಹಣ ಸುಮ್ಮನೆ ಸವೆಯುತ್ತದೆ. ಬೇರೆ ಬೇರೆ ಸಂಸ್ಥೆಗಳಲ್ಲಿರುವ ಇಂಥ ಉಪಕರಣಗಳನ್ನು ಎಲ್ಲರೂ ಹುಡುಕಿ ಕಾಯ್ದಿರಿಸಿಕೊಳ್ಳಲಿ ಎಂದೇ 2020ರಲ್ಲಿ ಐ-ಸ್ಟೆಮ್ ಎಂಬ ರಾಷ್ಟ್ರೀಯ ಜಾಲತಾಣ ಶುರುವಾಯಿತು. ಈ ವ್ಯವಸ್ಥೆ ನಡೆಸಲು ವಿಜ್ಞಾನಿಗಳಷ್ಟೇ ಸಾಲದು, ಲೆಕ್ಕ ಗೊತ್ತಿರುವವರೂ ಬೇಕು. ಯಂತ್ರ ಏನು ಮಾಡುತ್ತದೆ ಎಂದೇ ತಿಳಿಯದವರು ಅದರ ಲೆಕ್ಕವನ್ನು ಸರಿಯಾಗಿ ಬರೆಯುವುದು ಹೇಗೆ?

ವಿರುದ್ಧವಾದ ಮಾತುಗಳೂ ನನಗೆ ಗೊತ್ತು. ಬಸ್ಸಿನಲ್ಲಿ ಸೀಟು ಕಡಿಮೆ, ಸಿಇಟಿ ಬರೆಯುವವರಿಗೆ ಮೊದಲ ಹಕ್ಕು ಇರಬೇಕು ಎನ್ನುತ್ತಾರೆ. ಒಪ್ಪುತ್ತೇನೆ. ಎಲ್ಲರನ್ನೂ ಕರೆದುಕೊಂಡು ಹೋಗಿ ಎಂದು ನಾನು ಕೇಳುತ್ತಿಲ್ಲ. ಕಾಮರ್ಸ್‌ನವರಿಗೆ ಆಸಕ್ತಿಯೇ ಇರುವುದಿಲ್ಲ ಎಂಬ ಮಾತನ್ನು ಮಾತ್ರ ಒಪ್ಪುವುದಿಲ್ಲ. ನಮ್ಮ ತರಗತಿಯಲ್ಲಿ ಎಷ್ಟು ಜನ ಇಷ್ಟಪಟ್ಟು ಕಾಮರ್ಸ್ ಸೇರಿದ್ದಾರೆ, ಎಷ್ಟು ಜನ ಮನೆಯ ಲೆಕ್ಕ ನೋಡಿ ಸೇರಿದ್ದಾರೆ ಎಂದು ಒಮ್ಮೆ ಕೇಳಿ ನೋಡಿ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ರಾತ್ರಿ ಅಬ್ಬಾ ಒಂದು ತೂಕದ ಚೀಟಿಯ ಹಿಂಬದಿಯಲ್ಲಿ ಲ್ಯಾಬ್ ಫೀಸು, ಟ್ಯೂಷನ್, ಕೋಚಿಂಗ್ ಎಂದು ಬರೆದು ಕೂಡಿಸಿದರು. ಮೊತ್ತ ನೋಡಿ ಏನೂ ಹೇಳದೆ ಚೀಟಿ ಮಡಚಿ ಜೇಬಿಗೆ ಹಾಕಿಕೊಂಡರು. ಬೆಳಿಗ್ಗೆ ನಾನೇ "ನನಗೆ ಕಾಮರ್ಸ್ ಇಷ್ಟ" ಎಂದೆ. ಈಗ ನಿಜಕ್ಕೂ ಇಷ್ಟವಾಗಿದೆ, ಅದರ ಬಗ್ಗೆ ಬೇಸರವಿಲ್ಲ. ಆದರೆ ಫೀಸು ಕಟ್ಟಲಾಗದೆ ವಿಭಾಗ ಬದಲಿಸಿದವರು ಕುತೂಹಲವನ್ನೂ ಅಲ್ಲೇ ಬಿಟ್ಟು ಬರುವುದಿಲ್ಲ.

ಕೊನೆಯದಾಗಿ ಪ್ರಾಂಶುಪಾಲರಲ್ಲಿ ಮತ್ತು ವಿಜ್ಞಾನ ವೇದಿಕೆಯವರಲ್ಲಿ ನನ್ನ ಮೂರು ವಿನಂತಿಗಳು. ಮೊದಲನೆಯದು, ವಿಜ್ಞಾನ ವೇದಿಕೆಯ ಉಪನ್ಯಾಸಗಳಿಗೆ ಎಲ್ಲ ವಿಭಾಗದವರನ್ನೂ ಬಿಡಿ. ಹಿಂದಿನ ಬೆಂಚಾದರೂ ಸರಿ, ನಿಂತುಕೊಂಡಾದರೂ ಕೇಳುತ್ತೇವೆ. ಎರಡನೆಯದು, ಶೈಕ್ಷಣಿಕ ಭೇಟಿಯಲ್ಲಿ ಕಾಮರ್ಸ್ ಮತ್ತು ಕಲಾ ವಿಭಾಗಕ್ಕೆ ನಾಲ್ಕೈದು ಸೀಟು ಇಟ್ಟು, ಚೀಟಿ ಎತ್ತಿ ಹೆಸರು ಆರಿಸಿ. ಹೋಗಿ ಬಂದವರು ಉಳಿದವರಿಗೆ ಕನ್ನಡದಲ್ಲಿ ವಿವರಿಸಲಿ. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಇಲ್ಲಿ ಪುಸ್ತಕದಲ್ಲಿ ಇಂಗ್ಲಿಷ್ ಇರುವ ನಮ್ಮಂಥವರಿಗೆ ಹೀಗೆ ಕೇಳಿದ್ದೇ ಮನಸ್ಸಿನಲ್ಲಿ ನಿಲ್ಲುತ್ತದೆ. ಮೂರನೆಯದು, ಒಂದು ಯಂತ್ರದ ಖರೀದಿ, ಸವಕಳಿ, ಗಂಟೆಯ ಬಾಡಿಗೆ ಇಷ್ಟನ್ನೇ ಇಟ್ಟುಕೊಂಡು ಎರಡೂ ವಿಭಾಗದವರು ಸೇರಿ ಮಾಡುವ ಒಂದು ಪ್ರಾಜೆಕ್ಟ್ ಕೊಡಿ.

ಹೆಮಟೈಟ್ ವಿಷಯವನ್ನು ಅಬ್ಬಾಗೆ ಹೇಳಿದೆ. ಅಕ್ಕಪಕ್ಕದ ಪದರಗಳು ವಿರುದ್ಧ ದಿಕ್ಕಿಗೆ ಎಳೆಯುವುದರಿಂದ ಅಯಸ್ಕಾಂತ ಅಂಟುವುದಿಲ್ಲ ಎಂದು ಎರಡು ಪುಸ್ತಕ ಇಟ್ಟು ತೋರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಇಷ್ಟು ವರ್ಷ ತೂಗಿದ್ದೀನಿ, ಒಳಗೆ ಹೀಗಿದೆ ಅಂತ ಯಾರೂ ಹೇಳಿರಲಿಲ್ಲ" ಎಂದರು. ಮರುದಿನ ವೇಬ್ರಿಜ್‌ನಲ್ಲಿ ಒಬ್ಬ ಡ್ರೈವರಿಗೆ ಅವರೇ ಅದನ್ನು ವಿವರಿಸಿದರಂತೆ. ಅದರಿಂದ ನನಗೇನು ಉಪಯೋಗ ಎಂದು ಕೇಳಿದವರಿಗೆ ಸದ್ಯಕ್ಕೆ ನನ್ನ ಉತ್ತರ ಇಷ್ಟೇ.

— ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ವಾಣಿಜ್ಯ ವಿಭಾಗ